ದೋಣಿಗೆ ಹಲಗೆ ಆಮೇಲೆ, ಮೊದಲು ಫೋಮ್

ಗೊರೂರಿನ ಹೇಮಾವತಿ ಹಿನ್ನೀರಿಗೆಂದು ಹನ್ನೆರಡು ಅಡಿಯ ಹಳೇ ಅಲ್ಯೂಮಿನಿಯಂ ದೋಣಿ ಕೊಂಡಾಗ ನಾನು ಮಾಡಿದ ಮೊದಲ ಕೆಲಸ, ಅಡ್ಡ ಸೀಟು ಕಿತ್ತು ಚಪ್ಪಟೆ ನೆಲ ಹಾಕಿಸಿದ್ದು. ಆ ಸೀಟಿನೊಳಗೇ ದೋಣಿಯನ್ನು ತೇಲಿಸುವ ಫೋಮ್ ಇತ್ತು ಅನ್ನುವುದು ತಲೆಗೆ ಹೋಗಲಿಲ್ಲ. ನೆಲದಡಿಗೆ ಟಿವಿ ಡಬ್ಬದ ಥರ್ಮಾಕೋಲ್ ತುರುಕಿದೆ. ಎರಡು ಮಳೆಗಾಲ ಕಳೆದು ಬಿಚ್ಚಿ ನೋಡಿದರೆ, ಒಂದು ಬೆರಳಲ್ಲಿ ಎತ್ತಿದ್ದ ತುಂಡಿಗೆ ಈಗ ಎರಡೂ ಕೈ ಬೇಕು. ಪೆಟ್ರೋಲ್ ಟ್ಯಾಂಕಿನ ಪಕ್ಕದ್ದು ಕರಗಿ ಅಂಟಾಗಿತ್ತು.

ಹಳೇ ದೋಣಿ ರಿಪೇರಿಗೆ ಇಳಿದವರೆಲ್ಲ ಮೊದಲು ಪ್ಲೈವುಡ್ ಅಂಗಡಿಗೇ ಓಡುತ್ತಾರೆ. ತಡೆಯಿರಿ, ಮೊದಲು ಲೆಕ್ಕ.

ಎಷ್ಟು ಫೋಮ್ ಬೇಕು?

ಒಂದು ಲೀಟರ್ ಜಾಗ ಹಿಡಿಯುವ ಒಳ್ಳೇ ಫೋಮ್ ನೀರಿನಲ್ಲಿ ಹೆಚ್ಚುಕಡಿಮೆ ಒಂದು ಕೆಜಿ ಭಾರ ಎತ್ತುತ್ತದೆ. ಅಲ್ಯೂಮಿನಿಯಂ ಮುಳುಗಿದಾಗ ಅದರ ತೂಕದಲ್ಲಿ ನೂರಕ್ಕೆ 63ರಷ್ಟು ಮಾತ್ರ ಉಳಿಯುತ್ತದೆ. ದೋಣಿ 60 ಕೆಜಿ ಇದ್ದರೆ ಲೆಕ್ಕಕ್ಕೆ 38. ಎಂಜಿನ್, ಬ್ಯಾಟರಿ ಸೇರಿ 40 ಕೆಜಿ ಅಂದುಕೊಳ್ಳಿ, ಅದನ್ನು ಪೂರ್ತಿ ಹಿಡಿಯಿರಿ. ನೀರು ತುಂಬಿದ ದೋಣಿಯನ್ನು ಹಿಡಿದು ತೇಲುವ ಮೂವರಿಗೆ ತಲಾ 15 ಕೆಜಿ ಇಡಿ. ಮರ ತಾನೇ ತೇಲುತ್ತದೆ, ಬಿಡಿ. ಒಟ್ಟು 123. ಕಾಲು ಭಾಗ ಜಾಸ್ತಿ ಸೇರಿಸಿದರೆ ಸುಮಾರು 155 ಲೀಟರ್.

ಯಾವ ಫೋಮ್?

ಥರ್ಮಾಕೋಲಿನ ಕಾಳುಗಳ ನಡುವೆ ಸಂದು ಇರುತ್ತದೆ, ನೀರು ನಿಧಾನವಾಗಿ ಒಳಗೆ ಸೇರುತ್ತದೆ. ನಾನು ಈಗ ಹಾಕಿರುವುದು ತಾರಸಿಗೆ ಬಿಸಿಲು ತಡೆಯಲು ಹಾಕುವ ಗಟ್ಟಿ ಎಕ್ಸ್‌ಪಿಎಸ್ ಹಲಗೆ, ಅಂದರೆ ಕಾಳುಗಳಿಲ್ಲದ ಒಂದೇ ತುಂಡಿನ ಫೋಮ್. 1250 ಮಿ.ಮೀ. ಉದ್ದ, 600 ಅಗಲ, 50 ದಪ್ಪದ ಒಂದು ಹಲಗೆ ಅಂದರೆ 37.5 ಲೀಟರ್. ಮೇಲಿನ ಲೆಕ್ಕಕ್ಕೆ ಐದು ಸಾಕು. ಇದೂ ಪೆಟ್ರೋಲಿಗೆ ಕರಗುತ್ತದೆ. ಅದಕ್ಕೇ ಟ್ಯಾಂಕಿನ ಹತ್ತಿರ ಮಾತ್ರ ಪಾಲಿಥಿನ್ ಫೋಮ್ ಇಡಿ.

ಎರಡು ದ್ರವ ಬೆರೆಸಿ ಸುರಿಯುವ ಪಿಯು ಫೋಮ್ ಸಂದುಗೊಂದು ಬಿಡದೆ ತುಂಬಿಕೊಳ್ಳುತ್ತದೆ, ನಿಜ. ಆದರೆ ನಾಳೆ ಒಂದು ರಿವೆಟ್ ಸೋರಿದರೆ ಅದನ್ನೆಲ್ಲ ಕೆತ್ತಿ ತೆಗೆಯಬೇಕು. ಹಳೇ ದೋಣಿಯಲ್ಲಿ ರಿವೆಟ್ ಸೋರದೆ ಇರುತ್ತದಾ?

ನಿಮ್ಮ ಅಂಗಡಿಯವರು ಕೊಟ್ಟ ಫೋಮ್ ಮೇಲೆ ಅನುಮಾನ ಇದ್ದರೆ ಒಂದು ತುಂಡು ತೂಗಿ, ಮೇಲೆ ಕಲ್ಲು ಹೇರಿ ವಾರ ಪೂರ್ತಿ ಬಕೆಟ್ಟಿನಲ್ಲಿ ಮುಳುಗಿಸಿ, ಒರೆಸಿ ಮತ್ತೆ ತೂಗಿ.

ಎಲ್ಲಿ ಇಡಬೇಕು?

ಎಲ್ಲವನ್ನೂ ತಳಕ್ಕೆ ತುಂಬಬೇಡಿ. ನೀರು ನುಗ್ಗಿದಾಗ ತಳದ ಫೋಮ್ ಮೇಲಕ್ಕೆ ಬರಲು ನೋಡುತ್ತದೆ, ದೋಣಿ ಮಗುಚುತ್ತದೆ. ಎರಡೂ ಪಕ್ಕದಲ್ಲಿ, ಅಂಚಿನ ಕೆಳಗೆ, ಆದಷ್ಟು ಎತ್ತರಕ್ಕೆ ಇಡಿ. ಎಂಜಿನ್ ಇರುವ ಹಿಂಬದಿಗೆ ಸ್ವಲ್ಪ ಜಾಸ್ತಿ. ಪಟ್ಟಿ ಕಟ್ಟಿ ಬಿಗಿಯಿರಿ. ಸುಮ್ನೆ ಇಟ್ಟರೆ ದೋಣಿ ಕೆಳಗೆ ಹೋಗುತ್ತದೆ, ಫೋಮ್ ಒಂದೇ ತೇಲುತ್ತದೆ! ತಳದಲ್ಲಿ ನೀರು ಹರಿದು ಬಿರಡೆ ತೂತಿನ ತನಕ ಬರಲು ಸಂದು ಬಿಡಿ. ಅಡ್ಡ ಸೀಟು ದೋಣಿಯ ಪಕ್ಕಗಳನ್ನೂ ಹಿಡಿದಿಟ್ಟಿರುತ್ತದೆ. ಕಿತ್ತರೆ ಆ ಜಾಗಕ್ಕೆ ಅಲ್ಯೂಮಿನಿಯಂ ಅಡ್ಡಪಟ್ಟಿ ಬೇಕೇ ಬೇಕು.

ಈಗ ನೆಲ

"ತೋಟದ್ದೇ ಸಿಲ್ವರ್ ಓಕ್ ಐತಲ್ಲಣ್ಣ, ಕುಯ್ಸಿ ಹಾಕು" ಅಂದ ಪಕ್ಕದ ಮನೆಯ ಹುಡುಗ. ಒದ್ದೆಯಲ್ಲಿ ಅದು ಬೇಗ ಕೊಳೆಯುತ್ತದೆ. ಸಾಗುವಾನಿ ಬಾಳುತ್ತದೆ, ಆದರೆ ದುಡ್ಡು ಜಾಸ್ತಿ. ಉಳಿದದ್ದು ಎರಡು: 12 ಮಿ.ಮೀ. ಮೆರೈನ್ ಪ್ಲೈ, ಅಥವಾ 3 ಮಿ.ಮೀ. ಅಲ್ಯೂಮಿನಿಯಂ ಚೆಕರ್ಡ್ ಶೀಟ್. ಎಂಟು ಅಡಿಗೆ ನಾಲ್ಕಡಿಯ ಹಾಳೆ ಎರಡರಲ್ಲೂ ಸುಮಾರು 25 ಕೆಜಿಯೇ ತೂಗುತ್ತದೆ. ಶೀಟು ಕೊಳೆಯುವುದಿಲ್ಲ, ಆದರೆ ಮಾರ್ಚ್ ಬಿಸಿಲಿಗೆ ಹಂಚಿನ ಹಾಗೆ ಕಾಯುತ್ತದೆ. ಗಾಳದ ಡಬ್ಬಿ ಬಿದ್ದರೆ ಢಣ್ ಅನ್ನುತ್ತದೆ. ನನ್ನ ಓಟು ಪ್ಲೈಗೆ.

ಪ್ಲೈ ಮೇಲೆ ಐಎಸ್ 710 ಗುರುತು (ಮೆರೈನ್ ಪ್ಲೈಗೆ ಇರುವ ಭಾರತೀಯ ಮಾನಕ) ನೋಡಿ ಕೊಳ್ಳಿ. ಇಲ್ಲೊಂದು ಎಚ್ಚರಿಕೆ ಇದೆ. ಹುಳು, ಬೂಷ್ಟು ಹಿಡಿಯದಿರಲಿ ಅಂತ ಇಂಥ ಪ್ಲೈಗೆ ತಾಮ್ರ ಸೇರಿದ ಔಷಧಿ ಕುಡಿಸಿರುವುದುಂಟು. ತಾಮ್ರ ಮತ್ತು ಅಲ್ಯೂಮಿನಿಯಂ ಒದ್ದೆಯಲ್ಲಿ ಒಂದಕ್ಕೊಂದು ತಾಗಿದರೆ ಸವೆಯುವುದು ಅಲ್ಯೂಮಿನಿಯಮ್ಮೇ. ಮೊದಲು ಬಿಳಿ ಪುಡಿ, ಆಮೇಲೆ ಸೂಜಿಮೊನೆಯಷ್ಟು ತೂತು. ಆದ್ದರಿಂದ ಎರಡೂ ಮುಖಕ್ಕೆ ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು) ಬಳಿಯಿರಿ, ಕುಯ್ದ ಅಂಚಿಗೆ ಮೂರು ಕೈ. ನೀರು ಕುಡಿಯುವ ಬಾಯಿ ಆ ಅಂಚೇ. ಸ್ಕ್ರೂ ತೂತನ್ನು ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಒಣಗಿದ ಮೇಲೆ ನಡುವೆ ಸಣ್ಣದಾಗಿ ಕೊರೆಯಿರಿ. ಪ್ಲೈ ಮತ್ತು ಅಲ್ಯೂಮಿನಿಯಂ ಅಡ್ಡಪಟ್ಟಿಯ ನಡುವೆ ರಬ್ಬರ್ ಪಟ್ಟಿ ಹಾಸಿ. ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಸಾಕು, ಹಿತ್ತಾಳೆ ಬೇಡ, ಅದರಲ್ಲೂ ತಾಮ್ರ ಇದೆ.

ಮೇಲೆ ಕಾರ್ಪೆಟ್ ಅಂಟಿಸಬೇಡಿ. ನೀರು ಹಿಡಿದಿಟ್ಟುಕೊಳ್ಳುತ್ತದೆ, ಮೀನಿನ ವಾಸನೆಯನ್ನೂ. ಹಸಿ ಪೇಂಟಿನ ಮೇಲೆ ಜರಡಿ ಹಿಡಿದ ಮರಳು ಉದುರಿಸಿ ಇನ್ನೊಂದು ಕೈ ಬಳಿದರೆ ಜಾರುವುದಿಲ್ಲ. ನೆಲ ಆದಷ್ಟು ಕೆಳಗಿರಲಿ. ಎತ್ತರ ಮಾಡಿದಷ್ಟೂ ನಿಂತು ಗಾಳ ಎಸೆಯುವಾಗ ದೋಣಿ ವಾಲುತ್ತದೆ.

ಸೊಂಟದುದ್ದ ನೀರಿನಲ್ಲಿ ಪರೀಕ್ಷೆ ಮಾಡಿ. ಎಂಜಿನ್ ಬದಲು ಅಷ್ಟೇ ತೂಕದ ಕಬ್ಬಿಣ ಕಟ್ಟಿ, ಬ್ಯಾಟರಿ ಜಾಗಕ್ಕೂ ಹಾಗೇ ಮಾಡಿ, ದೋಣಿಗೆ ಅಂಚಿನ ತನಕ ನೀರು ತುಂಬಿ, ಪಕ್ಕ ಹಿಡಿದು ಒತ್ತಿ ನೋಡಿ. ನನ್ನದು ಮುಳುಗಲಿಲ್ಲ, ಆದರೆ ಎಡಕ್ಕೆ ವಾಲಿತು. ಬ್ಯಾಟರಿ ಎಡಗಡೆ ಇತ್ತು. ನಡುವಿಗೆ ತಂದು, ಎಡಕ್ಕೆ ಇನ್ನರ್ಧ ಫೋಮ್ ಹಲಗೆ ಸೇರಿಸಿದೆ.