ಬಿ12 ಕಡಿಮಿ ಐತಿ ಅಂದ್ರ ಡಾಕ್ಟರ್‌ಗೆ ಇದನ್ನ ಕೇಳ್ರಿ

ನಮ್ಮವ್ವಗ ಪರ್ನಿಶಿಯಸ್ ಅನೀಮಿಯಾ (ಹೊಟ್ಟಿ ವಿಟಮಿನ್ ಬಿ12 ಹೀರ್ಕೊಳ್ಳದ ರಕ್ತ ಕಡಿಮಿ ಆಗೂ ಬ್ಯಾನಿ) ಅಂತ ಗೊತ್ತಾಗಾಕ ಎರಡ ವರ್ಷ ಹಿಡೀತ್ರಿ. ನಾಲಿಗಿ ಕೆಂಪಗ ನುಣ್ಣಗ ಆಗಿ ರೊಟ್ಟಿ ಜೋಡಿ ಚಟ್ನಿ ಮುಟ್ಟಿದ್ರ ಕಣ್ಣಾಗ ನೀರು, ಕಾಲಾಗಿನ ಚಪ್ಪಲಿ ಕಳಚಿದ್ದೂ ಗೊತ್ತಾಗ್ತಿರ್ಲಿಲ್ಲ, ಹೋದಲ್ಲೆಲ್ಲ ಬರೇ ಐರನ್ ಗುಳಿಗಿ.

ನಮ್ಮ ಬಾಗಲಕೋಟಿ ಕಡೆಯವ್ರು ಮೊದ್ಲ ಮೆಡಿಸಿನ್ ಎಂಡಿ ಡಾಕ್ಟರ್‌ಗೆ ತೋರಸ್ರಿ, ಕುಮಾರೇಶ್ವರ, ವಿಜಯಪುರ ಬಿಎಲ್‌ಡಿಇ, ಬೆಳಗಾವಿ ಕೆಎಲ್‌ಇ ಅಂಥಾ ಮೆಡಿಕಲ್ ಕಾಲೇಜ್ ದವಾಖಾನಿ ಆದ್ರ ಛಲೋ, ಬೇಕಾದ್ರ ಹೆಮಟಾಲಜಿಸ್ಟ್ (ರಕ್ತದ ಬ್ಯಾನಿ ಡಾಕ್ಟರ್) ಕಡೆ ಬರದ ಕೊಡ್ತಾರ. ಹಳೇ ಸಿಬಿಸಿ (ರಕ್ತದ ಕಣ ಎಣಿಸೂ ಟೆಸ್ಟ್) ರಿಪೋರ್ಟ್ ಎಲ್ಲಾ ಒಯ್ರಿ, ಅದರಾಗ ಎಂಸಿವಿ, ಅಂದ್ರ ಕೆಂಪು ರಕ್ತಕಣದ ಗಾತ್ರ, ಹೆಚ್ಚಿದ್ರ ಬೆರಳಿಟ್ಟು ತೋರಸ್ರಿ.

"ಸರ್, ಊಟದಾಗ ಕಡಿಮಿ ಆಗೈತೋ, ಹೊಟ್ಟಿ ಹೀರ್ಕೊಳ್ಳಾಕತ್ತಿಲ್ಲೋ?" ಅಂತ ಕೇಳ್ರಿ. ಶಾಕಾಹಾರಿ ಅಂದ ಕೂಡ್ಲೆ ಭಾಳ ಮಂದಿ ಊಟದ ಮ್ಯಾಲೆ ಹಾಕ್ತಾರ, ಆದ್ರ ಈ ಬ್ಯಾನ್ಯಾಗ ಹೊಟ್ಟ್ಯಾಗ ಬಿ12 ಹೀರ್ಕೊಳ್ಳಾಕ ಬೇಕಾದ ಇಂಟ್ರಿನ್ಸಿಕ್ ಫ್ಯಾಕ್ಟರ್ ಅನ್ನೂ ಪ್ರೋಟೀನ್ ಇರೂದಿಲ್ಲ, ಅದಕ್ಕ ತಿಂದದ್ದು ಹತ್ತೂದಿಲ್ಲ. ಆ ಪ್ರೋಟೀನ್ ವಿರುದ್ಧ ಮೈಯಾಗ ಹುಟ್ಟೂ ಆಂಟಿಬಾಡಿ ನೋಡೂ ರಕ್ತದ ಟೆಸ್ಟ್ ಐತಿ, ನೆಗೆಟಿವ್ ಬಂದ್ರೂ ಈ ಬ್ಯಾನಿ ಇಲ್ಲಂತ ಅಲ್ಲ, ಇದು ಗೊತ್ತಿದ್ದ ಡಾಕ್ಟರ್ ಸಿಕ್ರ ಬಿಡಬ್ಯಾಡ್ರಿ.

ಇಂಜೆಕ್ಷನ್‌ಗಿಂತ ಮೊದ್ಲ ಟೆಸ್ಟಿಗೆ ರಕ್ತ ಕೊಡ್ರಿ, ಆದ್ರ ಕಾಲು ಜೋಮ ಹಿಡದಿದ್ರ ರಿಪೋರ್ಟ್ ಕಾಯ್ಕೋತ ಕುಂದ್ರಬ್ಯಾಡ್ರಿ, ನರ ಹಾಳಾಗ್ತಾವ. ಬಿ12 ಬಿಟ್ಟು ಬರೇ ಫೋಲಿಕ್ ಆಸಿಡ್ ಬ್ಯಾಡ. ಲೆವೆಲ್ ನಾರ್ಮಲ್ ಆತು ಇಂಜೆಕ್ಷನ್ ಬಿಡ್ರಿ ಅಂದ್ರ ಇನ್ನೊಬ್ಬ ಡಾಕ್ಟರ್‌ನ್ನ ಕೇಳ್ರಿ, ಪರ್ನಿಶಿಯಸ್ ಅನೀಮಿಯಾ ಇದ್ದವ್ರಿಗೆ ಇದು ಜೀವನಪೂರ್ತಿ ಬೇಕಾಗೂ ಔಷಧ.