ಮೊದಲು ತಾಳ, ಆಮೇಲೆ ಪ್ರಸ್ತಾರ: ಎಂಟನೇ ತರಗತಿಯಲ್ಲಿ ಭಾಮಿನಿ ಬರೆಸಿದ ಬಗೆ

ಎಂಟನೇ ತರಗತಿಯವರಿಂದ ಭಾಮಿನಿ ಷಟ್ಪದಿ, ಅಂದರೆ ಮಾತ್ರೆಯ ಲೆಕ್ಕಕ್ಕೆ ಕಟ್ಟಿದ ಆರು ಸಾಲಿನ ಪದ್ಯ, ಬರೆಸುತ್ತೇನೆ ಅಂದಾಗ ಜೊತೆಯ ಕನ್ನಡ ಮೇಷ್ಟ್ರುಗಳೆಲ್ಲ ಒಂದೇ ಮಾತು ಹೇಳಿದರು: "ಅಕ್ಷರದ ಮೇಲೆ ಗುರು-ಲಘು ಗುರುತಿಟ್ಟು ಪ್ರಸ್ತಾರ ಹಾಕೋಕೇ ಬರದ ಮಕ್ಕಳು ಪದ್ಯ ಬರೀತಾವಾ?" ಬರೆದವು. ಸುಮಾರು 40 ಮಕ್ಕಳ ತರಗತಿಯಲ್ಲಿ 25ರಷ್ಟು ಮಕ್ಕಳು ಮಾತ್ರೆ (ಅಕ್ಷರ ಹೇಳಲು ಹಿಡಿಯುವ ಕಾಲದ ಅಳತೆ) ಕೆಡದ, ಆದಿಪ್ರಾಸ (ಸಾಲುಗಳ ಎರಡನೆಯ ಅಕ್ಷರದ ಹೊಂದಿಕೆ) ತಪ್ಪದ ಆರು ಸಾಲು ಬರೆದು ಕೊಟ್ಟರು. ಎಸ್ಸೆಸ್ಸೆಲ್ಸಿಯ ಪ್ರಸ್ತಾರದ ಪ್ರಶ್ನೆಗೆ ಹೆದರುವುದೂ ಅದರ ಜೊತೆಗೇ ಹೋಯಿತು.

ಗುರು ಎಂದರೆ ಎರಡು ಮಾತ್ರೆಯ ಅಕ್ಷರ, ಲಘು ಒಂದರದ್ದು, ಗಣ ಎಂದರೆ ಅವುಗಳ ಗುಂಪು. ಇದೆಲ್ಲ ನಿಮಗೆ ಗೊತ್ತಿರುವುದೇ, ಹೆಚ್ಚು ಹೇಳುವುದಿಲ್ಲ. ಬೋರ್ಡಿನ ಮೇಲೆ ಲಕ್ಷಣ ಪದ್ಯ ಬರೆದು, ಬಾಯಿಪಾಠ ಮಾಡಿಸಿ, ಆಮೇಲೆ "ಈಗ ನೀವು ಬರೆಯಿರಿ" ಎಂದರೆ ಒಬ್ಬರೂ ಬರೆಯುವುದಿಲ್ಲ. ಲಕ್ಷಣ ಗೊತ್ತಿದ್ದವರ ಕೈ ಇನ್ನೂ ಬೇಗ ಕಟ್ಟಿಹೋಗುತ್ತದೆ, ಒಂದೊಂದು ಅಕ್ಷರಕ್ಕೂ ಎಣಿಸುತ್ತಾ ಕೂರುತ್ತಾರೆ. ಗಮಕದ ಧ್ವನಿಮುದ್ರಿಕೆ ಕೇಳಿಸುವ ಉಪಾಯವೂ ಫಲ ಕೊಡಲಿಲ್ಲ. ಗಮಕಿಗಳು ಭಾವಕ್ಕೆ ತಕ್ಕಂತೆ ಅಕ್ಷರ ಎಳೆಯುತ್ತಾರೆ. ಕೇಳಲು ಸೊಗಸು, ಆದರೆ ಮೂರು-ನಾಲ್ಕು ಮಾತ್ರೆಯ ನಡೆ ಮಕ್ಕಳ ಕಿವಿಗೆ ಸಿಗುವುದಿಲ್ಲ. ಕರಾವಳಿಯ ಕಡೆಯವರಿಗೆ ಒಂದು ಸೂಚನೆ: ಯಕ್ಷಗಾನದಲ್ಲಿ ಭಾಮಿನಿಯನ್ನು ತಾಳವಿಲ್ಲದೆ ಹಾಡುತ್ತಾರೆ. ಆಟ ನೋಡಿ ಬೆಳೆದ ಮಕ್ಕಳು ಚಪ್ಪಾಳೆ ಶುರು ಮಾಡಿದಾಗ ಮೊದಮೊದಲು ಗೊಂದಲಪಡುತ್ತಾರೆ. ಭಾಮಿನಿಗೆ ತಾಳ ಹಾಕುವುದೇ ತಪ್ಪು ಎಂದು ವಾದಿಸಿದವರೂ ಇದ್ದರು. ಹಾಡುವಾಗ ಬೇಡ, ಬರೆಯಲು ಕಲಿಯುವಾಗ ಬೇಕೇ ಬೇಕು.

ಮೊದಲ ವಾರ ಪುಸ್ತಕ ತೆಗೆಸುವುದೇ ಇಲ್ಲ. ತಕಿಟ-ತಕದಿಮಿ, ತಕಿಟ-ತಕದಿಮಿ, ಬರೀ ಇಷ್ಟೇ. 'ತ'ಗಳ ಮೇಲೆ ಚಪ್ಪಾಳೆ, ಉಳಿದುದಕ್ಕೆ ತೊಡೆಯ ಮೇಲೆ ಬೆರಳು. ಎರಡು ಸಲ ಹೇಳಿದರೆ 14 ಮಾತ್ರೆ, ಭಾಮಿನಿಯ 1, 2, 4, 5ನೆಯ ಸಾಲು. ಮೂರು ಸಲ ಹೇಳಿ ಕೊನೆಗೆ ಒಂದು ಉದ್ದದ 'ತಾ' ಎಂದರೆ 23, ಅದು 3 ಮತ್ತು 6ನೆಯ ಸಾಲು. ದಿನಕ್ಕೆ ಹತ್ತು ನಿಮಿಷ ಸಾಕು, ಅದಕ್ಕಿಂತ ಹೆಚ್ಚಾದರೆ ಪಕ್ಕದ ಕೋಣೆಯಿಂದ ದೂರು ಬರುತ್ತದೆ. ವಾರದ ಕೊನೆಗೆ ಬೊಲ್ಲುಗಳನ್ನು ತೆಗೆದು ಆ ಜಾಗಕ್ಕೆ ಮಾತು ಹಾಕಿಸಬೇಕು: "ಮಳೆಯು ಸುರಿಯಿತು ಹೊಲವು ನಗುತಿದೆ." ಅರ್ಥ ಏನೇ ಇರಲಿ, ಚಪ್ಪಾಳೆ ತಪ್ಪಬಾರದು.

ಎರಡನೆಯ ವಾರಕ್ಕೆ ಹುಣಸೆ ಬೀಜ. ನೆಲದ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಮನೆ: ಮೂರು ಬೀಜದ್ದು, ನಾಲ್ಕರದ್ದು, ಮತ್ತೆ ಮೂರು, ಮತ್ತೆ ನಾಲ್ಕು. ಲಘುವಿಗೆ ಬಿಡಿ ಬೀಜ. ಗುರುವಿಗೆ ಎರಡು ಬೀಜಗಳನ್ನು ಫೆವಿಕಾಲ್‌ ಹಾಕಿ ಅಂಟಿಸಿದ ಜೋಡಿ. ಇಡೀ ವಿಧಾನದ ಜೀವ ಇರುವುದು ಈ ಅಂಟಿನಲ್ಲಿ. "ನನ್ನ ಶಾಲೆಯ ಮೈದಾನದಲ್ಲಿ" ಎಂದು ಒಬ್ಬಳು ಬರೆದಳು ಅನ್ನಿ. 'ನನ್ನ' ಮೂರರ ಮನೆಗೆ, 'ಶಾಲೆಯ' ನಾಲ್ಕರ ಮನೆಗೆ ಸರಿಯಾಗಿ ಕೂರುತ್ತವೆ. ಮೂರನೆಯ ಮನೆಯಲ್ಲಿ 'ಮೈ' ಎರಡು ಬೀಜದ ಜಾಗ ಹಿಡಿಯಿತು, ಉಳಿದದ್ದು ಒಂದೇ. 'ದಾ' ಜೋಡಿ ಬೀಜ, ಅರ್ಧ ಈ ಮನೆ ಅರ್ಧ ಆ ಮನೆ ಆಗಿ ಗೆರೆಯ ಮೇಲೆ ಕೂತುಬಿಡುತ್ತದೆ, ಒಡೆಯಲು ಬರುವುದಿಲ್ಲ. ಮೇಷ್ಟ್ರು ಬಾಯಿ ಬಿಡುವ ಮೊದಲೇ ತಪ್ಪು ಎಲ್ಲಿದೆ ಎಂದು ಆ ಹುಡುಗಿಗೆ ಕಾಣುತ್ತದೆ. "ನನ್ನ ಶಾಲೆಯ ಮುಂದೆ ಬಯಲಲಿ" ಎಂದು ತಾನೇ ತಿದ್ದಿಕೊಂಡಳು. ಬಿಡಿ ಬೀಜ ಮಾತ್ರ ಕೊಟ್ಟರೆ ಈ ತಪ್ಪು ಮುಚ್ಚಿಹೋಗುತ್ತದೆ, ಒಂದನ್ನು ಆಚೆ ತಳ್ಳಿ ಲೆಕ್ಕ ಸರಿಮಾಡಿ ಕೂರುತ್ತಾರೆ.

ಬೀಜಕ್ಕೂ ಸಿಗದ ತಪ್ಪು ಒಂದಿದೆ. "ನಮ್ಮ ವಿಶಾಲ ಕೆರೆಯ ದಂಡೆಯ" ಎಂದರೆ ಲೆಕ್ಕ 14 ಸರಿ, ಓದಿದರೆ ಮುಗ್ಗರಿಸುತ್ತದೆ. 'ವಿಶಾಲ' ಲಘುವಿನಿಂದ ಶುರುವಾಗಿ ಕೂಡಲೇ ಗುರು ಬರುವ ಗಣ. ಗಣದ ಮೊದಲಲ್ಲಿ ಲಘು-ಗುರು ಬೇಡ ಎಂಬ ನಿಯಮವನ್ನು ಹೇಳಿಕೊಡಲೇ ಇಲ್ಲ. ಚಪ್ಪಾಳೆ ಹೊಡೆದು ಓದಿಸಿದರೆ ಮಕ್ಕಳೇ "ಇಲ್ಲಿ ಎಡವುತ್ತೆ ಸಾರ್" ಎನ್ನುತ್ತಾರೆ. ಇನ್ನೊಂದು ಕಾಟ ಅರ್ಕಾವೊತ್ತು. 'ಧರ್ಮ' ಬರೆಯುವಾಗ ಒತ್ತು 'ಮ'ದ ಆಚೆ ಬರುವುದರಿಂದ 'ಧ'ವನ್ನು ಲಘು ಎಂದೇ ಎಣಿಸುತ್ತಾರೆ. ಅಂಥ ಪದಗಳನ್ನು ಮೊದಲ ತಿಂಗಳು ಬಳಸಲೇ ಬಿಡಬೇಡಿ. ಪ್ರಸ್ತಾರ ಕಲಿಸಿದ ಮೇಲೆ ತಾನಾಗಿ ಸರಿಹೋಗುತ್ತದೆ.

ಆದಿಪ್ರಾಸಕ್ಕೆ ಹಳೆಯ ಬಿಸ್ಕತ್ತು ಡಬ್ಬಿಗಳು. ಒಂದೊಂದರಲ್ಲಿ ಒಂದು ಪ್ರಾಸಾಕ್ಷರದ ಚೀಟಿಗಳು. 'ಮ್ಮ' ಡಬ್ಬಿಯಲ್ಲಿ ನಮ್ಮ, ಅಮ್ಮ, ತಮ್ಮ, ಒಮ್ಮೆ, ಹೆಮ್ಮೆ, ಕೆಮ್ಮು. ಒತ್ತಕ್ಷರದ ಪ್ರಾಸದಿಂದಲೇ ಶುರು ಮಾಡಬೇಕು, ಯಾಕೆಂದರೆ ಮೊದಲ ಅಕ್ಷರ ತಾನಾಗಿ ಗುರುವಾಗಿ ಮೂರರ ಗಣ ಸಿದ್ಧವಾಗಿಯೇ ಸಿಗುತ್ತದೆ. ಒಂದು ತಂಡ ಆ ಡಬ್ಬಿಯಿಂದ ಕಟ್ಟಿದ್ದು ಇದು:

ನಮ್ಮ ಊರಿನ ಕೆರೆಯ ದಂಡೆಯ
ಒಮ್ಮೆ ನೋಡಲು ಬನ್ನಿ ಗೆಳೆಯರೆ
ಹೆಮ್ಮೆಯಿಂದಲಿ ನಿಂತ ಆಲದ ನೆರಳ ತಂಪಿನಲಿ
ಅಮ್ಮ ಕೊಟ್ಟಳು ಹುರಿದ ಕಡಲೆಯ
ತಮ್ಮ ತಂದನು ಬೆಲ್ಲದಚ್ಚನು
ಸುಮ್ಮನೇತಕೆ ಕುಳಿತಿರಿನ್ನೂ ಹಂಚಿ ತಿನ್ನೋಣ

ಪ್ರಸ್ತಾರ ಹಾಕಿ ನೋಡಿ, ಒಟ್ಟು 102 ಮಾತ್ರೆ, ಒಂದೂ ಆಚೀಚೆ ಆಗಿಲ್ಲ. ಚೀಟಿಯಲ್ಲಿ ಇಲ್ಲದ 'ಸುಮ್ಮನೆ'ಯನ್ನು ಮಕ್ಕಳೇ ಹುಡುಕಿ ತಂದರು. ಮೂರನೆಯ ಸಾಲಿನ ಕೊನೆಯ 'ಲಿ', ಆರನೆಯದರ 'ಣ' ಲಘುವಾದರೂ ಸಾಲಿನ ತುದಿಯಲ್ಲಿ ಗುರುವಾಗಿ ನಿಲ್ಲುತ್ತವೆ. ಈ ಉದ್ದ ಸಾಲನ್ನು ಮುಗಿಸುವುದೇ ಮಕ್ಕಳಿಗೆ ಅತಿ ಕಷ್ಟ. ಅದಕ್ಕೆ ಹೊಂದುವ ಕೊನೆಯ ಪದಗಳ ಒಂದು ಪಟ್ಟಿ ಮಾಡಿಟ್ಟುಕೊಂಡಿದ್ದೇನೆ, ಅದನ್ನಿಲ್ಲಿ ಕೊಡುವುದಿಲ್ಲ. ನಿಮ್ಮ ಊರಿನ ಮಾತಿನಿಂದ ನೀವೇ ಮಾಡಿಕೊಂಡರೆ ಪದ್ಯಕ್ಕೆ ನಿಮ್ಮ ಊರಿನ ವಾಸನೆ ಬರುತ್ತದೆ.

ಭಾಮಿನಿಗಿಂತ ಚಿಕ್ಕದೆಂದು ಶರ ಷಟ್ಪದಿಯಿಂದ ಶುರು ಮಾಡಿಯೂ ನೋಡಿದ್ದಾಯಿತು. ನಾಲ್ಕು-ನಾಲ್ಕರ ನಡೆ, ಗಿಡ್ಡ ಸಾಲಿಗೆ ಎಂಟೇ ಮಾತ್ರೆ. ಸುಲಭ ಅನ್ನಿಸುತ್ತದೆ, ಆದರೆ ಎಂಟು ಮಾತ್ರೆಯಲ್ಲಿ ಮಕ್ಕಳಿಗೆ ಒಂದು ವಾಕ್ಯ ಮುಗಿಸಲು ಜಾಗ ಸಾಲದು, ಬರೀ ಹೆಸರುಗಳ ಪಟ್ಟಿಯಾಗುತ್ತದೆ. ಹೈಕುವನ್ನು 5-7-5 ಅಕ್ಷರದಲ್ಲಿ ಬರೆಸಿದೆ. ಚೆನ್ನಾಗಿ ಬಂತು, ಆದರೆ ಅಕ್ಷರ ಎಣಿಸಿ ರೂಢಿಯಾದವರು ಮತ್ತೆ ಮಾತ್ರೆಗೆ ಬರುವಾಗ ತಡಬಡಾಯಿಸಿದರು. ಹಾಗಾಗಿ ಅದನ್ನು ವರ್ಷದ ಕೊನೆಗೆ ಇಡಿ. ನಾಲ್ಕು ಸಾಲಿನ ಚುಟುಕ ಮಾತ್ರ ಎಲ್ಲಿ ಬೇಕಾದರೂ ಹೊಂದುತ್ತದೆ. ಅಂತ್ಯಪ್ರಾಸದ ಹುಚ್ಚಿಗೆ ಅರ್ಥ ಬಲಿಯಾಗದಂತೆ ನಾಲ್ಕನೆಯ ಸಾಲನ್ನು ಮೊದಲು ಬರೆಸಿ, ಉಳಿದ ಮೂರನ್ನು ಹಿಂದಕ್ಕೆ ಕಟ್ಟಿಸಬೇಕು.

ತ್ರಿಪದಿಗೆ ಅಂಶಗಣದ (ಬ್ರಹ್ಮ, ವಿಷ್ಣು ಎಂಬ ಹೆಸರಿನ ಗಣಗಳ) ಲೆಕ್ಕ ಹೇಳಲೇಬೇಡಿ. 6 ಮತ್ತು 10ನೆಯ ಗಣ ಬ್ರಹ್ಮ, ಉಳಿದದ್ದು ವಿಷ್ಣು ಎನ್ನುವಷ್ಟರಲ್ಲಿ ತರಗತಿ ಕೈತಪ್ಪಿರುತ್ತದೆ. ಬೀಸುವ ಪದ ಬಲ್ಲ ಅಜ್ಜಿಯೊಬ್ಬರನ್ನು ಕರೆಸಿ ಹಾಡಿಸಿ, ಆ ಧಾಟಿಗೇ ಬರೆಸಿ. ಆಗಾಗ ಆಗುವ ತಪ್ಪೆಂದರೆ ಮೂರನೆಯ ಸಾಲಿಗೂ ನಾಲ್ಕು ಗಣ ತುರುಕುವುದು. ಧಾಟಿಯಲ್ಲಿ ಹಾಡಿಸಿದ ಕೂಡಲೇ ಹೆಚ್ಚಿನ ಗಣ ಹೊರಗೆ ಚಾಚಿಕೊಂಡು ಕಾಣುತ್ತದೆ.

ವಚನ ಎಲ್ಲಕ್ಕಿಂತ ಸುಲಭ ಎಂದು ಹಲವರು ಅದರಿಂದಲೇ ಆರಂಭಿಸುತ್ತಾರೆ. ನನ್ನ ಪ್ರಕಾರ ಅದು ಕೊನೆಗೆ ಬರಬೇಕು. ಛಂದಸ್ಸಿನ ಕಟ್ಟು ಇಲ್ಲದ ಕಡೆ ಮಕ್ಕಳು "ಸುಳ್ಳು ಹೇಳಬೇಡ, ಕಳ್ಳತನ ಮಾಡಬೇಡ" ಎಂಬ ಉಪದೇಶಕ್ಕೆ ಬೀಳುತ್ತಾರೆ. ಎಂಟು ಸಾಲಿನ ಮಿತಿ, ಇವತ್ತು ಕಣ್ಣಾರೆ ಕಂಡ ಒಂದು ವಸ್ತು, ತನ್ನದೇ ಅಂಕಿತ, ಈ ಮೂರು ಷರತ್ತು ಹಾಕಿದ ಮೇಲೆ ಬರವಣಿಗೆ ಬದಲಾಯಿತು. ಅಂಕಿತ ಆರಿಸಲು ಒಂದು ಇಡೀ ಪೀರಿಯಡ್ ಕೊಡಿ. ಊರ ದೇವರು, ಹೊಲದ ಹೆಸರು, ಬಾವಿಯ ಹೆಸರು ಎಲ್ಲ ಬರುತ್ತವೆ, ಒಮ್ಮೆ ಆರಿಸಿಕೊಂಡ ಮೇಲೆ ಆ ಹೆಸರಿಗೆ ಹೊಂದುವ ಮಾತನ್ನು ಮಕ್ಕಳೇ ಹುಡುಕುತ್ತಾರೆ.

ಖರ್ಚಿನ ವಿಷಯ. ಬೀಜ, ಡಬ್ಬಿ ಮನೆಯಿಂದ ಬಂದವು. ಫೆವಿಕಾಲ್‌, ರಟ್ಟು, ಸ್ಕೆಚ್‌ ಪೆನ್‌ ಸೇರಿ 350 ರೂಪಾಯಿ ಆಗಿರಬಹುದು. ದುಡ್ಡು ತಿಂದದ್ದು ಮಕ್ಕಳ ಬರಹಗಳ ಪುಸ್ತಿಕೆ. 48 ಪುಟ, 200 ಪ್ರತಿಗೆ ಮುದ್ರಣಾಲಯದಲ್ಲಿ ಹೆಚ್ಚುಕಡಿಮೆ 14,000 ಕೇಳಿದರು. ಅದನ್ನು ಬಿಟ್ಟು ನುಡಿ ತಂತ್ರಾಂಶದಲ್ಲಿ ನಾವೇ ಟೈಪ್‌ ಮಾಡಿ, ಎ4 ಹಾಳೆಯನ್ನು ನಡುವೆ ಮಡಚಿ ಪಿನ್‌ ಹೊಡೆದೆವು, ಪ್ರತಿಗೆ 22 ರೂಪಾಯಿಯ ಹತ್ತಿರ ಬಿತ್ತು. 30ಕ್ಕೆ ಮಾರಿದೆವು, ಹಾಕಿದ ಹಣ ವಾಪಸು ಬಂತು. ಟೈಪ್‌ ಮಾಡುವವರಿಗೆ ಎರಡು ಮಾತು. ಪ್ರಸ್ತಾರದ ಚಿಹ್ನೆಗಳನ್ನು ಸ್ಪೇಸ್‌ ಒತ್ತಿ ಅಕ್ಷರದ ಮೇಲೆ ಕೂರಿಸಲು ಹೋಗಬೇಡಿ, ಫಾಂಟ್‌ ಗಾತ್ರ ಬದಲಾದ ಕೂಡಲೇ ಎಲ್ಲವೂ ಸರಿದುಹೋಗುತ್ತದೆ. ಗೆರೆ ಕಾಣದ ಟೇಬಲ್‌ ಹಾಕಿ ಒಂದೊಂದು ಅಕ್ಷರವನ್ನು ಒಂದೊಂದು ಕೋಶದಲ್ಲಿಡಿ. ಹಳೆಯ ನುಡಿ ಕಡತವನ್ನು ಯೂನಿಕೋಡ್‌ಗೆ ಬದಲಾಯಿಸಿದರೆ ಅರ್ಕಾವೊತ್ತು, ಒತ್ತಕ್ಷರಗಳನ್ನು ಸಾಲು ಸಾಲಾಗಿ ನೋಡಿ. ಒಂದು ಒತ್ತು ಬಿದ್ದುಹೋದರೆ ಮಗು ಸರಿಯಾಗಿ ಬರೆದ ಸಾಲಿನಲ್ಲಿ ಒಂದು ಮಾತ್ರೆ ಕಡಿಮೆಯಾಗುತ್ತದೆ. ಕೊನೆಯ ಪ್ರೂಫನ್ನು ಬರೆದ ಮಕ್ಕಳ ಕೈಗೇ ಕೊಟ್ಟು ಚಪ್ಪಾಳೆ ಹೊಡೆದು ಓದಿಸಿದರೆ, ನಮ್ಮ ಕಣ್ಣು ತಪ್ಪಿಸಿಕೊಂಡ ತಪ್ಪು ಅಲ್ಲಿ ಸಿಕ್ಕಿಬೀಳುತ್ತದೆ.