ಆನ್ ಆದ ಲ್ಯಾಪ್‌ಟಾಪ್ ಗರ ಬಡಿದಂತೆ ನಿಂತರೆ

ಪಾಸ್‌ವರ್ಡ್ ಹಾಕುತ್ತೀರಿ, ಡೆಸ್ಕ್‌ಟಾಪ್ ಬರುತ್ತದೆ. ಬ್ರೌಸರ್ ಮೇಲೆ ಕ್ಲಿಕ್ ಮಾಡಿದ್ದೇ ತಡ, ಲ್ಯಾಪ್‌ಟಾಪ್ ಗರ ಬಡಿದಂತೆ ನಿಲ್ಲುತ್ತದೆ. ಅರ್ಧ ನಿಮಿಷ ಕಳೆದ ಮೇಲೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಓಡುತ್ತದೆ. ಆಮೇಲೆ ಇಡೀ ದಿನ ತಕರಾರಿಲ್ಲ.

ನನ್ನ ಹಳೆಯ ಲ್ಯಾಪ್‌ಟಾಪ್ ತಿಂಗಳುಗಟ್ಟಲೆ ಹೀಗೆ ಸತಾಯಿಸಿತು. ರಿಪೇರಿ ಅಂಗಡಿಗೆ ಒಯ್ದರೆ ಅಲ್ಲಿ ಒಳ್ಳೆ ಮಗುವಿನ ಹಾಗೆ ಇರುತ್ತಿತ್ತು. 'ಫಾರ್ಮ್ಯಾಟ್ ಮಾಡಿಬಿಡೋಣ ಸಾರ್' ಅಂದರು. ಮಾಡಿದ್ದೂ ಆಯಿತು, ಎರಡೇ ದಿನಕ್ಕೆ ಮತ್ತೆ ಅದೇ ರಾಗ. ಹಾಗಾಗಿ ಫಾರ್ಮ್ಯಾಟ್ ಮಾತು ಆಮೇಲೆ ಇರಲಿ. ವಿಂಡೋಸ್ 10 ಅಥವಾ 11 ಇದ್ದರೆ ಮನೆಯಲ್ಲೇ ಹೀಗೆ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ನಾಲ್ಕು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದೇ ಇಲ್ಲ.

ಹೆಜ್ಜೆ 1: ಸುಮ್ನೆ ನೋಡಿ

ನಿಂತಾಗ ಗಾಬರಿಯಲ್ಲಿ ಹತ್ತು ಕಡೆ ಕ್ಲಿಕ್ ಮಾಡಬೇಡಿ. ಮೌಸ್ ಬಾಣ ಅಲ್ಲಾಡುತ್ತಿದೆಯೇ? ಬಾಣ ಓಡಾಡುತ್ತಿದ್ದು ಕ್ಲಿಕ್‌ಗೆ ಮಾತ್ರ ಉತ್ತರ ಇಲ್ಲದಿದ್ದರೆ, ಸಾಮಾನ್ಯವಾಗಿ ಡಿಸ್ಕ್ ಅಥವಾ ಯಾವುದೋ ಪ್ರೋಗ್ರಾಂ ಕಾಯಿಸುತ್ತಿದೆ ಎಂದರ್ಥ. ಬಾಣವೂ ಕಲ್ಲಾಗಿದ್ದರೆ ಡ್ರೈವರ್ (ಯಂತ್ರದ ಭಾಗಗಳನ್ನು ನಡೆಸುವ ತಂತ್ರಾಂಶ) ಅಥವಾ ಹಾರ್ಡ್‌ವೇರ್ ಮೇಲೆ ಅನುಮಾನ ಪಡಬಹುದು. ಮೊಬೈಲ್‌ನಲ್ಲಿ ಎಷ್ಟು ಸೆಕೆಂಡ್ ಅಂತ ಅಳೆಯಿರಿ, ನಿಂತ ಹೊತ್ತನ್ನೂ ಬರೆದಿಡಿ. ಪ್ರತಿ ಸಲ ಹೆಚ್ಚುಕಡಿಮೆ ಅಷ್ಟೇ ಸೆಕೆಂಡ್ ಆದರೆ, ಒಳಗೆ ಯಾರೋ ಯಾರದೋ ಉತ್ತರಕ್ಕೆ ಕಾದು ಕಾದು ಕೈಬಿಡುತ್ತಿದ್ದಾರೆ. ಚಾರ್ಜರ್ ಹಾಕಿತ್ತೋ ಇಲ್ಲವೋ, ಅದನ್ನೂ ಬರೆಯಿರಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹೆಜ್ಜೆ 2: ಶಟ್‌ಡೌನ್ ಬೇರೆ, ರೀಸ್ಟಾರ್ಟ್ ಬೇರೆ

2012ರಲ್ಲಿ ವಿಂಡೋಸ್ 8 ಜೊತೆ 'ಫಾಸ್ಟ್ ಸ್ಟಾರ್ಟಪ್' ಎಂಬ ಸೌಲಭ್ಯ ಬಂತು. ಅದು ಆನ್ ಇದ್ದರೆ ಶಟ್‌ಡೌನ್ ಕೊಟ್ಟಾಗ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ. ತನ್ನ ತಿರುಳನ್ನೂ ಡ್ರೈವರ್‌ಗಳನ್ನೂ ಇದ್ದ ಹಾಗೇ ಡಿಸ್ಕ್‌ಗೆ ಬರೆದಿಟ್ಟು ಮಲಗುತ್ತದೆ. ನಿನ್ನೆಯ ಗಂಟು ಇವತ್ತಿಗೂ ಬರುತ್ತದೆ. ನಂಬಿಕೆ ಬರದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು ಕೆಳಗೆ 'ಅಪ್ ಟೈಮ್' ನೋಡಿ. ದಿನಾ ರಾತ್ರಿ ಆಫ್ ಮಾಡುವವರಿಗೂ ಅಲ್ಲಿ ಆರೇಳು ದಿನ ಕಾಣುವುದುಂಟು!

ರೀಸ್ಟಾರ್ಟ್ ಮಾಡಿದರೆ ಮಾತ್ರ ಎಲ್ಲ ಹೊಸದಾಗಿ ಶುರುವಾಗುತ್ತದೆ. ರೀಸ್ಟಾರ್ಟ್ ಆದ ಮೇಲೆ ತೊಂದರೆ ಇಲ್ಲ, ಶಟ್‌ಡೌನ್ ಆಗಿ ಆನ್ ಮಾಡಿದಾಗ ಮಾತ್ರ ಇದೆ ಎಂದಾದರೆ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಪವರ್ ಬಟನ್‌ಗಳ ಸೆಟ್ಟಿಂಗ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಮುಂದಿನ ಟಿಕ್ ತೆಗೆಯಿರಿ. ಆನ್ ಆಗಲು ಕೆಲವು ಸೆಕೆಂಡ್ ಜಾಸ್ತಿ ಹಿಡಿಯುತ್ತದೆ, ಅಷ್ಟೇ.

ಹೆಜ್ಜೆ 3: ಯಾರೆಲ್ಲ ಒಟ್ಟಿಗೆ ಎದ್ದರು?

ಆನ್ ಆದ ಕೂಡಲೇ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ಡಿಸ್ಕ್ ಕಾಲಂ ನೋಡಿ. ಅದು 100ರಲ್ಲಿ ಅಂಟಿಕೊಂಡಿದೆಯೇ? ಹಳೆಯ, ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ಇದು ಮಾಮೂಲು. ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಇರುತ್ತಿದ್ದುದು ನಿಮಿಷಕ್ಕೆ 5400 ಸುತ್ತಿನವು. ಓದುವ ಮುಳ್ಳು ಅತ್ತಿಂದಿತ್ತ ಓಡಾಡಿಯೇ ಕೆಲಸ ಮಾಡಬೇಕು. ಬೆಳಿಗ್ಗೆ 8 ಗಂಟೆಗೆ ದರ್ಶಿನಿಯಲ್ಲಿ ಒಂದೇ ಕಾವಲಿ, ಮೂವತ್ತು ಮಸಾಲೆ ದೋಸೆ ಟೋಕನ್ ಇದ್ದ ಹಾಗೆ. ಅಪ್‌ಡೇಟ್, ಆಂಟಿವೈರಸ್, ಮೀಟಿಂಗ್ ಆ್ಯಪ್, ಕ್ಲೌಡ್ ಎಲ್ಲವೂ ಅದೇ ಸಾಲಿನಲ್ಲಿ ನಿಲ್ಲುತ್ತವೆ.

ಟಾಸ್ಕ್ ಮ್ಯಾನೇಜರ್‌ನಲ್ಲೇ 'ಸ್ಟಾರ್ಟಪ್ ಆ್ಯಪ್ಸ್' ಪಟ್ಟಿಯಲ್ಲಿ 'ಹೈ' (ಆನ್ ಆಗುವಾಗ ಹೆಚ್ಚು ಹೊರೆ) ಅಂತ ಇರುವುದನ್ನು ಮೊದಲು ನೋಡಿ. ಬೇಡದ್ದರ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸೇಬಲ್ ಕೊಡಿ. ಪ್ರೋಗ್ರಾಂ ಅಳಿಸಿಹೋಗುವುದಿಲ್ಲ, ತಾನಾಗಿ ಏಳುವುದಿಲ್ಲ ಅಷ್ಟೇ. ಆಂಟಿವೈರಸ್, ಟಚ್‌ಪ್ಯಾಡ್, ಆಡಿಯೋ ಹೆಸರಿನವನ್ನು ಬಿಟ್ಟುಬಿಡಿ. ನುಡಿಯನ್ನೋ ಬರಹವನ್ನೋ ತಾನಾಗಿ ಏಳುವ ಹಾಗೆ ಇಟ್ಟುಕೊಂಡಿದ್ದರೆ ಅದೂ ಇರಲಿ, ಇಲ್ಲವಾದರೆ ನಾಳೆ ಕನ್ನಡ ಟೈಪ್ ಆಗುತ್ತಿಲ್ಲ ಅಂತ ಇನ್ನೊಂದು ತಲೆನೋವು.

ಆಫೀಸಿನ ಸರ್ವರ್‌ಗೆ ಜೋಡಿಸಿದ ನೆಟ್‌ವರ್ಕ್ ಡ್ರೈವ್ ಇದ್ದು, ನೀವು ಮನೆಯಲ್ಲಿದ್ದರೆ ಅದೂ ಕಾಯಿಸಬಹುದು. ಬೇಡವಾದರೆ ಡಿಸ್ಕನೆಕ್ಟ್ ಮಾಡಿ.

ಹೆಜ್ಜೆ 4: ಡೈರಿ ಓದಿ

ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದು. ನನ್ನ ಕಳ್ಳ ಸಿಕ್ಕಿದ್ದು ಇಲ್ಲೇ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ 'ಇವೆಂಟ್ ವ್ಯೂವರ್' ತೆರೆಯಿರಿ. ವಿಂಡೋಸ್ ಬರೆದಿಡುವ ಡೈರಿ ಇದೇ. ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಂ. ನೂರಾರು ಕೆಂಪು, ಹಳದಿ ಗುರುತು ಕಂಡು ಹೆದರಬೇಡಿ, ಆರೋಗ್ಯವಂತ ಯಂತ್ರದಲ್ಲೂ ಅವು ಇರುತ್ತವೆ. ನೀವು ಬರೆದಿಟ್ಟ ಹೊತ್ತಿನ ಆಸುಪಾಸು ಮಾತ್ರ ನೋಡಿ.

ನನಗೆ ಸಿಕ್ಕಿದ್ದು ಇವೆಂಟ್ 129. ಮೂಲ ಸ್ಟೋರ್‌ಎಎಚ್‌ಸಿಐ (ಡಿಸ್ಕ್ ಜೊತೆ ಮಾತಾಡುವ ಡ್ರೈವರ್), ಪಕ್ಕದಲ್ಲಿ 'ರೀಸೆಟ್ ಟು ಡಿವೈಸ್' ಎಂಬ ಸಾಲು. ಅಂದರೆ ವಿಂಡೋಸ್ ನನ್ನ ಎಸ್‌ಎಸ್‌ಡಿಯನ್ನು (ತಿರುಗುವ ಭಾಗವಿಲ್ಲದ ಡಿಸ್ಕ್) ಏನೋ ಕೇಳಿದೆ, ಅದು ಮಾತಾಡಿಲ್ಲ, ಕಾದು ಸಾಕಾಗಿ ರೀಸೆಟ್ ಮಾಡಿದೆ. ಬರೆದಿಟ್ಟದ್ದನ್ನು ತೆಗೆದು ನೋಡಿದರೆ ನಿಂತಾಗಲೆಲ್ಲ ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಇತ್ತು. ಕರೆಂಟ್ ಉಳಿಸಲು ವಿಂಡೋಸ್ ಎಸ್‌ಎಸ್‌ಡಿಯ ಲಿಂಕ್‌ಗೆ (ಅದರ ಜೊತೆಗಿನ ಸಂಪರ್ಕಕ್ಕೆ) ತೂಕಡಿಸಲು ಬಿಡುತ್ತಿತ್ತು, ಅದು ಸರಿಯಾಗಿ ಏಳುತ್ತಿರಲಿಲ್ಲ. ಅಂಗಡಿಯಲ್ಲಿ ಮೊದಲು ಮಾಡುವ ಕೆಲಸವೇ ಚಾರ್ಜರ್ ಚುಚ್ಚುವುದು, ಅಲ್ವಾ? ಅಲ್ಲಿ ಕಾಯಿಲೆ ಕಾಣುವುದಾದರೂ ಹೇಗೆ!

ಪವರ್ ಪ್ಲಾನನ್ನು 'ಹೈ ಪರ್ಫಾರ್ಮೆನ್ಸ್'ಗೆ ಬದಲಿಸಿದೆ, ನಿಲ್ಲುವುದು ತಪ್ಪಿತು. ಅದು ಪರೀಕ್ಷೆಗೆ ಮಾತ್ರ, ಬ್ಯಾಟರಿ ಬೇಗ ಮುಗಿಯುತ್ತದೆ. ಎಸ್‌ಎಸ್‌ಡಿ ತಯಾರಕರ ತಾಣದಿಂದ ಹೊಸ ಫರ್ಮ್‌ವೇರ್ (ಎಸ್‌ಎಸ್‌ಡಿಯೊಳಗೇ ಇರುವ ತಂತ್ರಾಂಶ) ಹಾಕಿದ ಮೇಲೆ ಹಳೆಯ ಪ್ಲಾನಿಗೇ ಮರಳಿದೆ. ಫರ್ಮ್‌ವೇರ್ ಹಾಕುವ ಮುಂಚೆ ಬ್ಯಾಕಪ್ ತೆಗೆದು, ಚಾರ್ಜರ್ ಹಾಕಿಟ್ಟಿರಿ.

ಅದೇ ಪಟ್ಟಿಯಲ್ಲಿ ಡಿಸ್ಕ್ ಹೆಸರಿನ ಜೊತೆ ಇವೆಂಟ್ 7 ಅಥವಾ ಮತ್ತೆ ಮತ್ತೆ 153 ಕಂಡರೆ ಮಾತು ಬೇರೆ. 7 ಅಂದರೆ ಡಿಸ್ಕಿನ ಆ ಜಾಗ ಕೆಟ್ಟಿದೆ. 153 ಅಂದರೆ ಓದು-ಬರಹವನ್ನು ಮತ್ತೆ ಪ್ರಯತ್ನಿಸಬೇಕಾಯಿತು. ಈ ಲೇಖನ ಪಕ್ಕಕ್ಕಿಟ್ಟು ಮೊದಲು ಫೋಟೋ, ದಾಖಲೆಗಳನ್ನು ಬೇರೆ ಕಡೆ ಕಾಪಿ ಮಾಡಿ. ರಿಪೇರಿ ಆಮೇಲೆ.

ಹೆಜ್ಜೆ 5: ಅರ್ಧರ್ಧ ಮಾಡಿ ಹುಡುಕಿ

ಇಷ್ಟಾದರೂ ಸಿಗದಿದ್ದರೆ ಕ್ಲೀನ್ ಬೂಟ್, ಅಂದರೆ ಹೊರಗಿನವರ ಸರ್ವಿಸ್‌ಗಳನ್ನು (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂಗಳು) ಬಿಟ್ಟು ವಿಂಡೋಸ್ ಶುರುಮಾಡುವುದು. ಸರ್ಚ್‌ನಲ್ಲಿ ಸಿಸ್ಟಂ ಕಾನ್ಫಿಗರೇಷನ್ ಹುಡುಕಿ, ಸರ್ವಿಸಸ್‌ಗೆ ಹೋಗಿ. ಮೊದಲು 'ಹೈಡ್ ಆಲ್ ಮೈಕ್ರೋಸಾಫ್ಟ್ ಸರ್ವಿಸಸ್'ಗೆ ಟಿಕ್ ಹಾಕಿ. ಈ ಟಿಕ್ ಮರೆತರೆ ವಿಂಡೋಸಿನ ಕೈಕಾಲನ್ನೇ ಕಟ್ಟಿದಂತಾಗುತ್ತದೆ. ಉಳಿದವನ್ನೆಲ್ಲ ಡಿಸೇಬಲ್ ಮಾಡಿ ರೀಸ್ಟಾರ್ಟ್ ಕೊಡಿ. ಸರಿಹೋಯಿತೇ? ಅರ್ಧವನ್ನು ಮತ್ತೆ ಆನ್ ಮಾಡಿ. ತೊಂದರೆ ಮರಳಿದರೆ ಕಳ್ಳ ಆ ಅರ್ಧದಲ್ಲಿದ್ದಾನೆ, ಇಲ್ಲವಾದರೆ ಇನ್ನೊಂದರಲ್ಲಿ. ಕಳ್ಳ ಇರುವ ಅರ್ಧವನ್ನು ಮತ್ತೆ ಅರ್ಧ ಮಾಡುತ್ತಾ ಹೋಗಿ. 32 ಸರ್ವಿಸ್ ಇದ್ದರೂ ಐದಾರು ರೀಸ್ಟಾರ್ಟ್‌ನಲ್ಲಿ ಕೈಗೆ ಸಿಗುತ್ತಾನೆ.

ಕೆಲಸ ಮುಗಿದ ಮೇಲೆ ಅಲ್ಲೇ ಜನರಲ್‌ನಲ್ಲಿ 'ನಾರ್ಮಲ್ ಸ್ಟಾರ್ಟಪ್' ಆರಿಸಿ, ಸಿಕ್ಕಿದ ಆ ಪ್ರೋಗ್ರಾಮನ್ನು ಅಪ್‌ಡೇಟ್ ಮಾಡಿ, ಇಲ್ಲವೇ ತೆಗೆದುಹಾಕಿ. ನಾನು ನಾರ್ಮಲ್‌ಗೆ ಮರಳಿಸುವುದನ್ನು ಮರೆತು, ಪ್ರಿಂಟರ್ ಕೆಟ್ಟಿದೆ ಅಂತ ಎರಡು ದಿನ ಅದರ ಜೊತೆ ಗುದ್ದಾಡಿದ್ದೆ.